ಕಡೆತ ಮತ್ತು ಹೊಳಪು: ಹಾಸನ ಸೀಮೆಯ ಕಲ್ಲುಕಂಬದಿಂದ ಮರದ ಲೇಖನಿಯವರೆಗೆ

ಕರ್ನಾಟಕದ ಕರಕುಶಲ ಕಲೆಗಳ ಅಧ್ಯಯನದಲ್ಲಿ ವಸ್ತುವಿನ ರೂಪಕ್ಕೆ ದೊರೆತಷ್ಟು ಗಮನ ಅದರ ಮೇಲ್ಮೈಗೆ ದೊರೆತಿಲ್ಲ. ಹೊಳಪು ಕೆಲಸದ ಕೊನೆಯ ಹಂತ. ಚರಿತ್ರೆಯ ಬರವಣಿಗೆಯಲ್ಲಿಯೂ ಅದು ಕೊನೆಯ ವಾಕ್ಯವಾಗಿಯೇ ಉಳಿದಿದೆ. ಆದರೆ ತಿರುಗುತ್ತಿರುವ ವಸ್ತುವಿನ ಮೇಲೆ ಹೊಳಪು ಕೊಡುವ ವಿದ್ಯೆ ಈ ನಾಡಿನಲ್ಲಿ ಕಲ್ಲು, ಮರ ಎರಡರಲ್ಲಿಯೂ ಬೆಳೆದು ಬಂದಿದೆ. ಅದರ ಹಳೆಯ ಸಾಕ್ಷ್ಯಗಳನ್ನು ಹಾಸನ ಸೀಮೆಯಲ್ಲಿಯೇ ಕಾಣಬಹುದು.

ಹೊಯ್ಸಳ ದೇವಾಲಯಗಳ ನವರಂಗದ ಕಡೆದ ಕಂಬಗಳು ಪ್ರಸಿದ್ಧವಾದವು. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯ, ಹಾಸನ ತಾಲ್ಲೂಕಿನ ಮೊಸಳೆಯ ಜೋಡಿ ಗುಡಿಗಳು, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ನಿರ್ಮಾಣವಾದ ಲಕ್ಷ್ಮೀನರಸಿಂಹ ದೇವಾಲಯ ಇದಕ್ಕೆ ನಿದರ್ಶನಗಳು. ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ ಅಕ್ಕನ ಬಸದಿಯ ಕಂಬಗಳ ನುಣುಪು ವಿಶೇಷವಾಗಿ ಗಮನಾರ್ಹವಾದುದು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುವ ಬಳಪದ ಕಲ್ಲು ಇಂತಹ ಕೆಲಸಕ್ಕೆ ಒಗ್ಗಿತು. ಇಲ್ಲಿ ಹೊರಗಿನಿಂದ ಹಚ್ಚಿದ ಲೇಪವಿಲ್ಲ. ಉಜ್ಜಿದ ಕಲ್ಲೇ ಹೊಳಪು. ಹೊಯ್ಸಳ ರೂವಾರಿಗಳ ಹೆಸರು ವಿಗ್ರಹಗಳ ಪೀಠದಲ್ಲಿ ಓದಸಿಗುತ್ತದೆ. ಕಂಬ ಕಡೆದವರ ಕೌಶಲಕ್ಕೆ ಕಂಬದ ಮೈಯೇ ಶಾಸನ.

ಮರದ ಸಂಗತಿ ಬೇರೆ. ಮರಕ್ಕೆ ರಂಧ್ರಗಳಿವೆ, ಅದು ತೇವವನ್ನು ಹೀರುತ್ತದೆ, ಕೈಯ ಬೆವರಿಗೆ ಕಪ್ಪಾಗುತ್ತದೆ. ಆದ್ದರಿಂದ ಕಡೆದ ಮರಕ್ಕೆ ಲೇಪ ಅನಿವಾರ್ಯವಾಯಿತು. ಈ ಲೇಪವನ್ನು ತಿರುಗಣೆಯ ಮೇಲೆಯೇ ಕೊಡುವ ಕ್ರಮದ ಶ್ರೇಷ್ಠ ಉದಾಹರಣೆ ಚನ್ನಪಟ್ಟಣದ ಅರಗಿನ ಕೆಲಸ. ಟಿಪ್ಪು ಸುಲ್ತಾನನ ಆಶ್ರಯದೊಡನೆ ಈ ಕಲೆಯನ್ನು ಜೋಡಿಸುವ ಹೇಳಿಕೆ ಪರಂಪರೆಯಲ್ಲಿದೆ. ಚನ್ನಪಟ್ಟಣದ ಗೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು.

ಈ ಕೆಲಸಕ್ಕೆ ಮುಖ್ಯವಾಗಿ ಬಳಕೆಯಾಗುವುದು ಆಲೆ ಅಥವಾ ಹಾಲೆ ಮರ. ಬಿಳುಪಾದ, ಎಳೆ ಒತ್ತಾದ ಈ ಮರವನ್ನು ಒಣಗಿಸಿ, ತುಂಡರಿಸಿ, ಉಳಿಯಿಂದ ಕಡೆದು, ಮರಳು ಕಾಗದದಿಂದ ಉಜ್ಜುತ್ತಾರೆ. ಹಿಂದಿನ ಬಿಲ್ಲಿನ ತಿರುಗಣೆಯಲ್ಲಿ ಮರ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತಿತ್ತು; ಒಂದು ಸುತ್ತಿನಲ್ಲಿ ಮಾತ್ರ ಉಳಿ ಕಚ್ಚುತ್ತಿತ್ತು. ವಿದ್ಯುತ್ ಲೇತು ಒಂದೇ ದಿಕ್ಕಿನ ನಿರಂತರ ವೇಗವನ್ನು ತಂದಿತು. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರದ ಮೇಲೆ ಹರಡುತ್ತದೆ. ಕೇದಗೆ ಜಾತಿಯ ಗಿಡದ ಗರಿಯನ್ನು (ತಾಳೆಗರಿ) ಅದರ ಮೇಲೆ ಒತ್ತಿದಾಗ ಲೇಪ ಸಮನಾಗಿ ಹೊಳಪೇರುತ್ತದೆ. ಇಲ್ಲಿ ಒಲೆಯಿಲ್ಲ, ಕುಂಚವಿಲ್ಲ. ತಿರುಗುವಿಕೆಯೇ ಒಲೆ, ಗರಿಯೇ ಕುಂಚ. ಒತ್ತಡ ಕಡಿಮೆಯಾದರೆ ಅರಗು ಹರಡದು. ಹೆಚ್ಚಾದರೆ ಕಿತ್ತು ಬರುತ್ತದೆ. ಈ ಅಳತೆ ಕೈಯಲ್ಲಿರುವುದೇ ಹೊರತು ಬರಹದಲ್ಲಿಲ್ಲ.

ಕೈಕಡೆತದ ಮರದ ಲೇಖನಿಗಳಿಗೆ ಇಂದು ಬಳಕೆಯಾಗುವ ಅಂಟಿನ ಲೇಪವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ. ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯಲ್ಲಿ ಹ್ಯಾರಿ ಕೂವರ್ 1942ರಲ್ಲಿ ಸಯನೋಅಕ್ರಿಲೇಟನ್ನು ಕಂಡರು. 1951ರಲ್ಲಿ ಅದರ ಅಂಟುಗುಣ ಮತ್ತೆ ಗಮನಕ್ಕೆ ಬಂದು 1958ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಲೇಖನಿಯ ಮರದ ತುಂಡನ್ನು ಕೊರೆದು, ಹಿತ್ತಾಳೆಯ ಕೊಳವೆ ಕೂರಿಸಿ, ಲೇತಿಗೇರಿಸಿ ಕಡೆದ ನಂತರ ತೆಳುವಾದ ಅಂಟನ್ನು ಕಾಗದದ ತುಂಡಿನಿಂದ ಪದರ ಪದರವಾಗಿ ಹಚ್ಚುತ್ತಾರೆ. ಗಾಳಿಯ ಹಾಗೂ ಮರದ ತೇವಾಂಶದಿಂದ ಅಂಟು ಗಟ್ಟಿಯಾಗುತ್ತದೆ. ಆಮೇಲೆ ನುಣ್ಣನೆಯ ಮರಳು ಕಾಗದವನ್ನು ನೀರಿನೊಡನೆ ಬಳಸಿ ಉಜ್ಜಿ ಹೊಳಪು ಕೊಡುತ್ತಾರೆ.

ಎರಡು ಲೇಪಗಳ ಗುಣದೋಷಗಳು ಭಿನ್ನವಾಗಿವೆ. ಅಂಟಿನ ಲೇಪ ಪಾರದರ್ಶಕ, ಬೆವರನ್ನು ತಡೆಯುತ್ತದೆ. ದಿನವೂ ಬೆರಳಿನ ನಡುವೆ ಇರುವ ಲೇಖನಿಗೆ ಇದು ದೊಡ್ಡ ಅನುಕೂಲ. ಆದರೆ ಹಚ್ಚುವಾಗ ಏಳುವ ಆವಿ ಕಣ್ಣು, ಮೂಗುಗಳನ್ನು ಉರಿಸುತ್ತದೆ. ಅರಗು ಕೀಟಜನ್ಯವಾದ ರಾಳ. ಬಿಸಿಗೂ ಮದ್ಯಸಾರಕ್ಕೂ ಅದು ಸೋಲುತ್ತದೆ. ಆದರೆ ಆ ಸೋಲೇ ಅದರ ಗುಣವೂ ಹೌದು. ಮಾಸಿದ ಅರಗನ್ನು ತಿರುಗಣೆಗೇರಿಸಿ ಮತ್ತೆ ಕರಗಿಸಿ ಹರಡಬಹುದು. ಅಂಟಿನ ಪದರ ಬಿರುಕುಬಿಟ್ಟರೆ ಕೆರೆದು ಹೊಸದಾಗಿಯೇ ಹಚ್ಚಬೇಕು.

ಕಲ್ಲುಕಂಬ, ಅರಗಿನ ಗೊಂಬೆ, ಅಂಟಿನ ಲೇಖನಿ ಈ ಮೂರರಲ್ಲಿಯೂ ವಸ್ತು ತಿರುಗುತ್ತದೆ, ಕೈ ನಿಲ್ಲುತ್ತದೆ. ತತ್ತ್ವ ಒಂದಾದ ಮಾತ್ರಕ್ಕೆ ಇವುಗಳಿಗೆ ಒಂದೇ ವಂಶಾವಳಿಯನ್ನು ಕಲ್ಪಿಸುವುದು ಸಮಂಜಸವಾಗದು. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಕಲ್ಲು ಎಂಟು ಶತಮಾನಗಳ ಕಾಲ ತನ್ನ ಕಥೆಯನ್ನು ತಾನೇ ಕಾಯ್ದುಕೊಂಡಿತು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನೂ ಸೇರಿದವು. ಮರಕ್ಕೆ ಆ ಆಯುಷ್ಯವಿಲ್ಲ. ಅರಗಿನ ಕಡ್ಡಿಯನ್ನು ಎಷ್ಟು ಒತ್ತಬೇಕೆಂದು ಬಲ್ಲ ಕೈ ನಿಂತರೆ ಆ ವಿದ್ಯೆಗೆ ಸಾಕ್ಷಿಯಾಗಿ ಕಂಬವೂ ಉಳಿಯದು. ಆ ಕೈಗಳು ದುಡಿಯುತ್ತಿರುವಾಗಲೇ ಅವುಗಳ ಅಳತೆಯನ್ನು ದಾಖಲಿಸುವುದು ಕರ್ನಾಟಕದ ಕರಕುಶಲ ಚರಿತ್ರೆಯ ತುರ್ತಿನ ಕಾರ್ಯವಾಗಿದೆ.