ಅಮಲು ನಿಷೇಧ: ಇತಿಹಾಸದ ಎರಡು ಪಾಠಗಳು

ನಮ್ಮ ನಜರ್‌ಬಾದ್‌ನ ಹೆಸರು ಟಿಪ್ಪು ಸುಲ್ತಾನರ ಕಾಲದ್ದು. ಮೈಸೂರಿನ ಹಳೆಯ ಕೋಟೆಯ ಕಲ್ಲುಗಳನ್ನು ಸಾಗಿಸಿ ಅವರು ಇಲ್ಲಿ ಹೊಸ ಕೋಟೆ ಕಟ್ಟಿಸತೊಡಗಿದ್ದರು. ಅದೇ ಸುಮಾರಿಗೆ, 1787ರ ಹೊತ್ತಿಗೆ, ಮದ್ಯವನ್ನೂ ಭಂಗಿ ಬೆಳೆಯನ್ನೂ ನಿಷೇಧಿಸಿದರು. ಖಜಾನೆಗಾಗುವ ನಷ್ಟಕ್ಕಿಂತ ಪ್ರಜೆಗಳ ಆರೋಗ್ಯ, ನಡತೆ ಅವರಿಗೆ ದೊಡ್ಡದಾಗಿತ್ತು. 1799ರಲ್ಲಿ ಸುಲ್ತಾನರು ಶಹೀದರಾದರು. ಕೋಟೆಯ ಕಲ್ಲುಗಳು ಮರಳಿ ಮೈಸೂರು ಸೇರಿದವು. ಅಬಕಾರಿ ಮತ್ತೆ ಸರಕಾರದ ಆದಾಯವಾಯಿತು. ಆಳುವವನ ಹುಕುಂ ಅವನೊಂದಿಗೇ ಹೋಯಿತು.

ಮದೀನಾದಲ್ಲಿ ನಿಷೇಧ ಮನಸ್ಸಿನಲ್ಲಿ ಬೇರೂರಿತು, ಏಕೆಂದರೆ ಅದು ಹಂತಹಂತವಾಗಿ ಬಂತು. ಲಾಭಕ್ಕಿಂತ ಪಾಪವೇ ದೊಡ್ಡದೆಂದು ಮೊದಲು (ಅಲ್‌ಬಕರ: 219), ಅಮಲಿನಲ್ಲಿ ನಮಾಝಿನ ಬಳಿ ಸುಳಿಯಬಾರದೆಂದು ನಂತರ (ಅನ್ನಿಸಾ: 43), ಕೊನೆಗೆ ಸಂಪೂರ್ಣ ನಿಷೇಧ (ಅಲ್‌ಮಾಇದ: 90). ಆಮೇಲೂ ಒಬ್ಬ ಸಹಾಬಿ ಮತ್ತೆ ಮತ್ತೆ ಕುಡಿದು ಸಿಕ್ಕಿಬಿದ್ದರು. ಶಿಕ್ಷೆಯೇನೋ ಆಯಿತು. ಆದರೆ ಒಬ್ಬರು ಅವರನ್ನು ಶಪಿಸಿದಾಗ ಪ್ರವಾದಿ(ಸ) ತಡೆದರು. ಅವರಲ್ಲಿ ಅಲ್ಲಾಹ್ ಮತ್ತು ರಸೂಲರ ಪ್ರೀತಿಯಿದೆ ಎಂದರು (ಬುಖಾರಿ).

2025ರ ಜುಲೈನಲ್ಲಿ ನಮ್ಮ ಮೈಸೂರಿನಲ್ಲೇ ಎಂ.ಡಿ. ಎಂಬ ಮಾದಕ ವಸ್ತು ತಯಾರಿಸುವ ಘಟಕ ಸಿಕ್ಕಿತು. ಅಪಾಯ ದೂರದ ಊರಿನದ್ದಲ್ಲ. ಮಗನ ಚಟ ಗೊತ್ತಾದಾಗ ಮರ್ಯಾದೆಗೆ ಅಂಜಿ ಮುಚ್ಚಿಡುವುದು, ಮನೆಯಿಂದ ಹೊರಹಾಕುವುದು, ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುವುದು, ಇವು ಯಾವುವೂ ಚಿಕಿತ್ಸೆಯಲ್ಲ. ಚಟ ಒಂದು ಕಾಯಿಲೆ. ಬಿಟ್ಟವರು ಮತ್ತೆ ಜಾರುವುದುಂಟು. ಜಾರಿದವನನ್ನು ಮತ್ತೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446.

ತೌಬಾದ ಬಾಗಿಲನ್ನು ಅಲ್ಲಾಹ್ ಮುಚ್ಚಿಲ್ಲ. ಮನೆಯ ಬಾಗಿಲನ್ನು ನಾವೂ ಮುಚ್ಚದಿರೋಣ.