ಭಾನುವಾರ ಸಂಜೆ ಆರು ಗಂಟೆಯ ಹುಡುಗಿ

ಹಂಗಾಮಾ ಟಿವಿ ನೆನಪಿದೆಯಲ್ಲ? 2004ರಲ್ಲಿ ನಮ್ಮ ಮುಂಬಯಿಯಲ್ಲೇ ಯುಟಿವಿ ಕಂಪೆನಿ ಶುರುಮಾಡಿದ ಮಕ್ಕಳ ಚಾನೆಲ್ ಅದು. 2006ರಲ್ಲಿ ಡಿಸ್ನಿಯ ಪಾಲಾಯಿತು. ಡೊಂಬಿವಲಿ, ಮುಲುಂಡ್, ಬೊರಿವಲಿಯ ಕನ್ನಡ ಮನೆಗಳಲ್ಲೂ ಮಕ್ಕಳು ಶಾಲೆಯ ಚೀಲ ಬಿಸಾಕಿ ಜಪಾನಿನ ನೊಬಿತಾ, ಶಿನ್-ಚಾನ್ ಮುಂದೆ ಕೂರುತ್ತಿದ್ದವು. ಮಾತೆಲ್ಲ ಹಿಂದಿಯಲ್ಲಿ! ಹೀಗೆ ಮನೆಮಾತಾದವರು ಮಾತ್ರ ಹುಡುಗರೇ. ಜಪಾನಿನಲ್ಲಿ ಇವರ ಸರಿಸಮ ನಿಲ್ಲುವ ಒಬ್ಬ ಹುಡುಗಿ ಇದ್ದಾಳೆ. ಅವಳ ಪರಿಚಯ ನಮಗೆ ಅಷ್ಟಾಗಿ ಆಗಲೇ ಇಲ್ಲ.

ಹೆಸರು ಚಿಬಿ ಮಾರುಕೊ-ಚಾನ್, ಅಂದರೆ ಪುಟಾಣಿ ಮಾರುಕೊ. ಮೂರನೇ ಕ್ಲಾಸು, ಮಹಾ ಸೋಮಾರಿ. ಬೇಸಿಗೆ ರಜೆಯ ಹೋಂವರ್ಕನ್ನು ಕೊನೆಯ ದಿನಕ್ಕೆ ಉಳಿಸಿಕೊಂಡು ಮನೆಮಂದಿಯನ್ನೆಲ್ಲ ಕೂರಿಸಿಕೊಳ್ಳುವವಳು. ಅಕ್ಕನ ಜೊತೆ ಜಗಳ, ಅಮ್ಮನ ಬೈಗುಳ, ಅಜ್ಜನ ಮುದ್ದು. ಕತೆ ಇಷ್ಟೇ ನೋಡಿ! ಬರೆದವರು ಶಿಮಿಜು ಊರಿನ ಸಕುರಾ ಮೊಮೊಕೊ. ತಮ್ಮದೇ 1970ರ ದಶಕದ ಬಾಲ್ಯವನ್ನು 1986ರಿಂದ 'ರಿಬನ್' ಎಂಬ ಹುಡುಗಿಯರ ಪತ್ರಿಕೆಯಲ್ಲಿ ಚಿತ್ರಿಸತೊಡಗಿದರು. 1990ರ ಜನವರಿಯಲ್ಲಿ ಟಿವಿಗೆ ಬಂತು, ಭಾನುವಾರ ಸಂಜೆ 6ಕ್ಕೆ. ಅದೇ ಅಕ್ಟೋಬರಿನ ಒಂದು ಕಂತಿಗೆ ಸಿಕ್ಕ ರೇಟಿಂಗ್ ಶೇಕಡಾ 39.9. ಕೊನೆಯಲ್ಲಿ ಬರುತ್ತಿದ್ದ ಅರ್ಥವಿಲ್ಲದ ಕುಣಿತದ ಹಾಡನ್ನೂ ಸಕುರಾ ಅವರೇ ಬರೆದದ್ದು. ಅದು ಆ ವರ್ಷ ದೇಶವನ್ನೇ ಕುಣಿಸಿತು. ಆಮೇಲೆ ಸಿನಿಮಾಗಳು, 2006ರಲ್ಲಿ ನಟ ನಟಿಯರ ಧಾರಾವಾಹಿ. 2015ರ ಸಿನಿಮಾದಲ್ಲಿ ಮಾರುಕೊಳ ಊರಿಗೆ ಬರುವ ಪರದೇಶಿ ಮಕ್ಕಳಲ್ಲಿ ಭಾರತದ ಹುಡುಗನೂ ಒಬ್ಬ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಜ್ಜ ತೊಮೊಜೊ. ಮೊಮ್ಮಗಳೆಂದರೆ ಅವನಿಗೆ ಪ್ರಾಣ. ಆದರೆ ತನ್ನ ನಿಜವಾದ ಅಜ್ಜ ಹಾಗಿರಲಿಲ್ಲ, ಪ್ರೀತಿ ತೋರಿದವನೇ ಅಲ್ಲ ಎಂದು ಸಕುರಾ ಅವರೇ 1991ರ ಪ್ರಬಂಧ ಸಂಕಲನದಲ್ಲಿ ಬರೆದುಕೊಂಡರು. ಅಂದರೆ ಬಹಳಷ್ಟನ್ನು ನೆನಪಿನಿಂದ ತೆಗೆದರು, ಸಿಗದೇ ಹೋದ ಅಜ್ಜನನ್ನು ತಾವೇ ಮಾಡಿಕೊಂಡರು. ನಗೆಯ ಕತೆಯೊಳಗೆ ಇಂಥದೊಂದು ಸಂಕಟ ಕೂತಿದೆ ಎಂದು ಗೊತ್ತಾದ ಮೇಲೆ ಆ ಮುದುಕನನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ನಮ್ಮಲ್ಲಿ? ಈ ಊರಿನಿಂದಲೇ ದೇಶಕ್ಕೆಲ್ಲ ಚಿತ್ರಕತೆ ಹಂಚಿದವರು ನಮ್ಮ ಕಾರ್ಕಳದ ಅನಂತ ಪೈ. 1967ರಲ್ಲಿ ಅಮರ ಚಿತ್ರಕಥೆ, 1980ರಲ್ಲಿ ಟಿಂಕಲ್. ಮೊದಲನೆಯದರಲ್ಲಿ ದೇವರು, ರಾಜರು, ವೀರರು. ಎರಡನೆಯದರಲ್ಲಿ ಸುಪ್ಪಂಡಿ, ಶಿಕಾರಿ ಶಂಭು, ಕಾಲಿಯಾ ಕಾಗೆ. ಅದರ ಋಣ ದೊಡ್ಡದು, ಇಲ್ಲವೆನ್ನುವುದಿಲ್ಲ. ಆದರೆ ಚಾಳಿನ ಖೋಲಿಯಲ್ಲಿ ಹೋಂವರ್ಕಿಗೆ ಅಳುವ ಹುಡುಗಿ ಅಲ್ಲಿ ನಾಯಕಿಯಾಗಲಿಲ್ಲ. 2015ರಲ್ಲಿ ಟಿಂಕಲ್‌ಗೆ ಐಜಾಲಿನ ಮಾಪುಯಿ ಬಂದಳು. ಮಾಮೂಲಿ ಹುಡುಗಿಯಾಗಿರಬೇಕೆಂಬುದೇ ಅವಳ ಆಸೆ. ಪಾಪ, ಅವಳಿಗೂ ವಿಂಗ್‌ಸ್ಟಾರ್ ಆಗಿ ಹಾರಾಡುವ ಕೆಲಸ ತಪ್ಪಲಿಲ್ಲ!

ರೇಡಿಯೋದವರಾದ ನಮಗೆ ದನಿಯ ಮೇಲೆ ಮೋಹ, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಸಕುರಾ 2018ರ ಆಗಸ್ಟಿನಲ್ಲಿ, 53ನೇ ವಯಸ್ಸಿಗೆ ತೀರಿಕೊಂಡರು. ಟಿವಿಯ ಮಾರುಕೊ ಮಾತ್ರ ಮುಂದುವರಿದಳು. ಮೊದಲ ಕಂತಿನಿಂದ ಅವಳಿಗೆ ದನಿಯಾಗಿದ್ದ ತರಾಕೊ 2024ರ ಮಾರ್ಚಿನಲ್ಲಿ ಹೋದರು. ಏಪ್ರಿಲಿನಿಂದ ಕಿಕುಚಿ ಕೊಕೊರೊ ಎಂಬ ಕಲಾವಿದೆ ಆ ಮೂರನೇ ಕ್ಲಾಸಿನ ಹುಡುಗಿಯ ಮಾತು ಆಡತೊಡಗಿದರು.