ಹಿಂದಿನ ಗಲ್ಲಿಯ ಕಾಮಣ್ಣ

ಚಾಮರಾಜಪೇಟೆಯ ಹಳೇ ಮನೆಗಳಿಗೆ ಮುಂದೆ ರಸ್ತೆ, ಹಿಂದೆ ಗಲ್ಲಿ. 1892ರಲ್ಲಿ ಈ ಬಡಾವಣೆ ಆಯಿತು. 1898ರ ಪ್ಲೇಗಿಗೆ ಪೇಟೆಯ ಜನ ಊರು ಬಿಟ್ಟೋಡಿದ ಮೇಲೆ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡವು. ಗಾಳಿ ಬೆಳಕು ಬರಲಿ ಎಂದು ರಸ್ತೆಗಳನ್ನು ನೂಲು ಹಿಡಿದಂತೆ ಎಳೆದಿದ್ದರು. ಕಕ್ಕಸು ಬಳಿಯುವವರು ಹಿತ್ತಲಿನಿಂದಲೇ ಬಂದು ಹೋಗಲಿ ಎಂದು ಗಲ್ಲಿ ಬಿಟ್ಟರು. ಆ ಏರ್ಪಾಟಿನ ಕ್ರೌರ್ಯದ್ದು ಬೇರೆಯೇ ಕಥೆ. ನಕ್ಷೆ ಬರೆದವರಿಗೆ ಹೊಳೆಯದ ಇನ್ನೊಂದು ಉಪಯೋಗವನ್ನು ನಾವು ಹುಡುಗರು ಕಂಡುಕೊಂಡಿದ್ದೆವು. ಕಾಮನ ಹಬ್ಬಕ್ಕೆ ಸೌದೆ ಕದಿಯಲು ಆ ಗಲ್ಲಿಯಂಥ ದಾರಿ ಇನ್ನೊಂದಿರಲಿಲ್ಲ.

ಫಾಲ್ಗುಣದ ಹುಣ್ಣಿಮೆಗೆ ವಾರವಿರುವಾಗಲೇ ಹಿತ್ತಲುಗಳ ಲೆಕ್ಕ ನಮ್ಮ ಬಾಯಲ್ಲಿರುತ್ತಿತ್ತು. ಯಾರ ಮನೆಯ ಬಚ್ಚಲೊಲೆಯ ಪಕ್ಕ ಬೆರಣಿ ಒಟ್ಟಿದೆ, ಯಾರು ತೆಂಗಿನ ಗರಿ ಒಣಗಿಸಿದ್ದಾರೆ, ಯಾರ ಕಾಂಪೌಂಡ್ ಗೋಡೆ ಕುಳ್ಳು. ಕೇಳಿ ತಂದ ಸೌದೆಗೆ ಮರ್ಯಾದೆಯಿಲ್ಲ, ಕದ್ದೇ ತರಬೇಕು. ಕದ್ದದ್ದನ್ನು ಬೀದಿಯುದ್ದಕ್ಕೂ ಹಾಡಿ ಹೇಳಬೇಕು. ತಪ್ಪೊಪ್ಪಿಗೆಯನ್ನೇ ಪದ ಕಟ್ಟಿ ಹಾಡುವ ಕಳ್ಳರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಉತ್ತರದವರ ಹೋಳಿಯಲ್ಲಿ ಸುಡುವುದು ಪ್ರಹ್ಲಾದನ ಸೋದರತ್ತೆ ಹೋಳಿಕೆಯನ್ನು. ನಮ್ಮಲ್ಲಿ ಸುಡುವುದು ಮನ್ಮಥನನ್ನು. ಪಾಪ, ಅವನ ತಪ್ಪೇನು? ತಾರಕಾಸುರನನ್ನು ಕೊಲ್ಲಲು ಶಿವನ ಮಗನೇ ಬೇಕು, ಶಿವನೋ ತಪಸ್ಸಿಗೆ ಕೂತಿದ್ದಾನೆ. ದೇವತೆಗಳು ಕಳಿಸಿದರೆಂದು ಹೋಗಿ ಹೂಬಾಣ ಬಿಟ್ಟ, ಹಣೆಗಣ್ಣಿಗೆ ಬೂದಿಯಾದ. ಹರಿಹರನ ‘ಗಿರಿಜಾಕಲ್ಯಾಣ’ದಲ್ಲೂ ಇದೇ ಕಥೆ. ಅದಕ್ಕೇ ಇರಬೇಕು, ನಮ್ಮದು ಸುಟ್ಟವರೇ ಅಳುವ ಹಬ್ಬ. ಬೆಂಕಿ ಹತ್ತಿದ್ದೇ ತಡ, ಅಂಗೈಯಿಂದ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಅರಚುತ್ತಿದ್ದೆವು. ರತಿಯ ದುಃಖ ನಮಗೇನು ಗೊತ್ತಿತ್ತು? ಹೊಗೆಗೆ ಕಣ್ಣೀರಂತೂ ಸುರಿಯುತ್ತಿತ್ತು. ಬೆಳಗಾದರೆ ಓಕುಳಿ.

ಗ್ಯಾಸ್ ಸಿಲಿಂಡರು, ಗೀಸರು ಬಂದ ಮೇಲೆ ಹಿತ್ತಲಲ್ಲಿ ಕದಿಯಲು ಏನೂ ಉಳಿಯಲಿಲ್ಲ. ಎಷ್ಟೋ ಗಲ್ಲಿಗಳಲ್ಲಿ ಈಗ ಸ್ಕೂಟರು ನಿಲ್ಲುತ್ತವೆ.

ಒಂದು ವರ್ಷ ನಮ್ಮ ಗುಂಪು ನಮ್ಮ ಮನೆಯ ಹಿತ್ತಲಿಗೇ ನುಗ್ಗಿತು. ಗೋಡೆ ಹತ್ತಿದವನು ನಾನೇ. ಕೈಗೆ ಸಿಕ್ಕಿದ್ದು ಅಜ್ಜಿಯ ಹಲಸಿನ ಮಣೆ. ಕಾಲು ಮುರಿದಿತ್ತು, ಆದರೂ ಅವರು ಅದರ ಮೇಲೇ ಕೂತು ಹೂ ಕಟ್ಟುತ್ತಿದ್ದರು. ಮಾರನೆಯ ದಿನ ಬೆಳಿಗ್ಗೆ ಎಲ್ಲರಂತೆ ನಾನೂ ಚಿಟಿಕೆ ಬೂದಿ ತಂದು ಕೊಟ್ಟೆ. ಅಜ್ಜಿ ಹಣೆಗೆ ಇಟ್ಟುಕೊಂಡರು, ಬೆರಳನ್ನು ಮೂಗಿನ ಹತ್ತಿರ ಹಿಡಿದರು.

“ಹಲಸಿನ ಮರದ್ದು ಕಣೋ ಇದು,” ಎಂದವರು ಚಾಪೆ ಹಾಸಿಕೊಂಡು ಹೂ ಕಟ್ಟಲು ಕೂತರು.